ಕಟ್ಟು ನಮಗೆ, ಪಲ್ಯ ಅಪ್ಪನಿಗೆ

ಪ್ರೀತಿಯ ಕೂಸೇ,

ನೀನು ಕಳಿಸಿದ ಅಪ್ಪನ ರಕ್ತದ ಚೀಟಿಯ ಫೋಟೋವನ್ನು ದೊಡ್ಡದು ಮಾಡಿಕೊಂಡು ನೋಡಿದೆ. ಕ್ರಿಯಾಟಿನಿನ್ ಸಾಲಿಗೆ ನೀನೇ ಕೆಂಪು ಗೀಟು ಎಳೆದಿದ್ದೀಯ. ಅದರ ಕೆಳಗೆ, ‘ಕೆ’ ಅಕ್ಷರದ ಪಕ್ಕ ಕೂಡಿಸುವ ಗುರುತು ಹಾಕಿ 5.8 ಎಂದು ಬರೆದಿದೆಯಲ್ಲ, ಅದಕ್ಕೆ ಗೀಟಿಲ್ಲ. ನಮ್ಮ ಬೆಟ್ಟದ ಮೇಲೆ ಎಲ್ಲರೂ ಹೀಗೇ. ತಾಳವಾಡಿ ಬಸ್‌ ಸ್ಟ್ಯಾಂಡಿನಲ್ಲಿ ಇಬ್ಬರು ಕಿಡ್ನಿಯವರು ಎದುರಾದರೆ ‘ಕ್ರಿಯಾಟಿನ್ ಎಷ್ಟು ಬಂತು?’ ಅಂತಲೇ ಮಾತು ಶುರು. ಪೊಟ್ಯಾಸಿಯಂ ಎಷ್ಟು ಬಂತು ಅಂತ ಒಬ್ಬರು ಇನ್ನೊಬ್ಬರನ್ನು ಕೇಳಿದ್ದನ್ನು ನಾನಂತೂ ಕಾಣೆ. ಕ್ರಿಯಾಟಿನಿನ್ ಅನ್ನುವುದು ಕಿಡ್ನಿ ಇಷ್ಟು ವರ್ಷಗಳಲ್ಲಿ ಎಷ್ಟು ಸೋತಿದೆ ಎಂಬ ಲೆಕ್ಕ. ಪೊಟ್ಯಾಸಿಯಂ ಈ ವಾರದ ಲೆಕ್ಕ. ಹೋದ ವಾರ ಏನು ಉಂಡೆವು, ಯಾವ ಮಾತ್ರೆ ನುಂಗಿದೆವು, ಹೊಟ್ಟೆ ಸರಿಯಾಗಿ ಹೋಯಿತೋ ಇಲ್ಲವೋ, ಎಲ್ಲ ಅದರಲ್ಲಿ ಬರೆದಿರುತ್ತದೆ. ನಿಮ್ಮಪ್ಪನನ್ನು ನೋಡಿಕೊಳ್ಳಲು ತಿರುಪ್ಪೂರಿನ ಕೆಲಸ ಬಿಟ್ಟು ಬಂದಿದ್ದೀಯ. ಅಷ್ಟು ದೊಡ್ಡ ಕೆಲಸ ಮಾಡಿದವಳು ಈ ಒಂದು ಸಾಲನ್ನೂ ಓದುವುದು ಕಲಿತುಬಿಡು.

ನಾನು ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು, ಮೇಲಾಗಿ ನನಗೂ ಮೂರನೆಯ ಹಂತದ ಕಿಡ್ನಿ ಕಾಯಿಲೆ. ಹಾಗಾಗಿ ಸ್ವಲ್ಪ ಪಾಠ ಸಹಿಸಿಕೋ.

ನಮ್ಮ ಮೈಯಲ್ಲಿರುವ ಪೊಟ್ಯಾಸಿಯಂನಲ್ಲಿ ನೂರಕ್ಕೆ 98 ಪಾಲು ಜೀವಕೋಶಗಳ ಒಳಗೇ ಇರುತ್ತದೆ. ನೂರು ಕುರಿಯಲ್ಲಿ ತೊಂಬತ್ತೆಂಟು ಹಟ್ಟಿಯೊಳಗೆ, ಎರಡು ಮಾತ್ರ ಬೀದಿಯಲ್ಲಿ ಅಂದುಕೋ. ರಕ್ತ ಪರೀಕ್ಷೆ ಎಣಿಸುವುದು ಬೀದಿಯಲ್ಲಿರುವ ಆ ಎರಡನ್ನೇ. ಲೀಟರಿಗೆ 3.5ರಿಂದ 5 ಮಿಲಿಮೋಲ್ ಇದ್ದರೆ ಸರಿ. 5.5 ದಾಟಿದರೆ ಡಾಕ್ಟರು ಹುಬ್ಬು ಗಂಟಿಕ್ಕುತ್ತಾರೆ, 6.5 ದಾಟಿದರೆ ಮಂಚ ಖಾಲಿ ಮಾಡಿಸಿ ಮಲಗಿಸುತ್ತಾರೆ. ಇಷ್ಟು ಸಣ್ಣ ಅಂತರಕ್ಕೆ ಇಷ್ಟು ಗಾಬರಿ ಯಾಕೆ ಅಂದರೆ, ಎದೆ ಬಡಿಯುವುದು ಒಳಗಿನ ಮತ್ತು ಹೊರಗಿನ ಪೊಟ್ಯಾಸಿಯಂ ನಡುವಿನ ವ್ಯತ್ಯಾಸದಿಂದ ಹುಟ್ಟುವ ವಿದ್ಯುತ್ತಿನ ಮೇಲೆ. ಹೊರಗೆ ಜಾಸ್ತಿಯಾದರೆ ಆ ವಿದ್ಯುತ್ತಿನ ತಾಳ ತಪ್ಪುತ್ತದೆ. ಕೆಲವರಿಗೆ ಕಾಲು ಸೋಲುತ್ತದೆ, ಮೈ ಜುಮ್ಮೆನ್ನುತ್ತದೆ, ನಾಡಿ ನಿಧಾನವಾಗುತ್ತದೆ. ಎಷ್ಟೋ ಜನಕ್ಕೆ ಏನೂ ಗೊತ್ತಾಗುವುದೇ ಇಲ್ಲ. ‘ಚೆನ್ನಾಗೇ ಇದ್ದೀನಲ್ಲ’ ಎಂದು ನಿಮ್ಮಪ್ಪ ಹೇಳುವುದು ಸುಳ್ಳಲ್ಲ, ಆದರೆ ಆ ಮಾತನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವಂತಿಲ್ಲ.

ದಿನವೂ ತಿಂದ ಪೊಟ್ಯಾಸಿಯಂನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲನ್ನು ಕಿಡ್ನಿ ಮೂತ್ರದಲ್ಲಿ ಹೊರಹಾಕುತ್ತದೆ. ಉಳಿದ ಒಂದು ಪಾಲು ಮಲದಲ್ಲಿ ಹೋಗುತ್ತದೆ. ಕಿಡ್ನಿ ಸೋತಾಗ ಕರುಳು ಹೆಚ್ಚು ಹೊರಲು ನೋಡುತ್ತದೆ. ಅದಕ್ಕೇ ಕಿಡ್ನಿಯವರಿಗೆ ಮಲಬದ್ಧತೆ ಆಗಬಾರದು. ನಾಲ್ಕು ದಿನ ಹೊಟ್ಟೆ ಹೋಗದಿದ್ದರೆ ಅಂಕಿ ಏರಬಹುದು. ಇದನ್ನು ಮುಜುಗರದಿಂದ ಯಾರೂ ಡಾಕ್ಟರ ಮುಂದೆ ಹೇಳುವುದಿಲ್ಲ. ನೀನು ಕೇಳು, ನೀನೇ ಹೇಳು.

ಈಗ ತಿನ್ನಬಾರದ್ದರ ಪಟ್ಟಿಯ ವಿಷಯ. ಆಸ್ಪತ್ರೆಯಲ್ಲಿ ಕೊಟ್ಟ ಅಚ್ಚಿನ ಹಾಳೆಯನ್ನೂ ನೋಡಿದೆ. ಬಾಳೆಹಣ್ಣು ಬೇಡ, ಆಲೂಗಡ್ಡೆ ಬೇಡ, ಟೊಮ್ಯಾಟೊ ಬೇಡ, ಬೀಟ್‌ರೂಟ್ ಬೇಡ, ಸೊಪ್ಪು ಬೇಡ, ಬೇಳೆ ಬೇಡ. ಇದನ್ನು ಓದಿ ನಿಮ್ಮಪ್ಪ ‘ಹಂಗಾರೆ ನಮ್ಮ ಹೊಲದಲ್ಲಿ ಬೆಳೆಯೋದೆಲ್ಲ ಬ್ಯಾಡ, ಮಣ್ಣು ತಿನ್ಲಾ?’ ಅಂದನಂತೆ. ನನಗೆ ನಗು ಬಂತು, ಆದರೆ ಅವನ ಮಾತಿನಲ್ಲಿ ಸತ್ಯವಿದೆ. ತಾಳವಾಡಿ ಸೀಮೆಯವರು ಬೆಳೆದು ಸತ್ಯಮಂಗಲಕ್ಕೂ ಮೈಸೂರಿಗೂ ಲಾರಿಗಟ್ಟಲೆ ಕಳಿಸುವುದರಲ್ಲಿ ಹೆಚ್ಚಿನದು ಆ ಹಾಳೆಯ ‘ಬೇಡ’ದ ಕಡೆಯಲ್ಲೇ ಕೂತಿದೆ. ಅದೇ ಹಾಳೆಯಲ್ಲಿ ಆವಕಾಡೊ, ಕಿವಿ ಹಣ್ಣು, ಪ್ರೂನ್ ಬೇಡ ಎಂದೂ ಇದೆ. ತಾಳವಾಡಿ ಸಂತೆಯಲ್ಲಿ ಕಿವಿ ಹಣ್ಣು ಯಾವಾಗ ಮಾರಿದರೋ ಅವರೇ ಹೇಳಬೇಕು! ಹುರುಳಿ ಕಟ್ಟು, ಬಾಳೆದಿಂಡಿನ ರಸ, ಕೊತ್ತಂಬರಿ ಸೊಪ್ಪಿನ ಕಷಾಯ ಇವು ಮೂರೂ ಆ ಹಾಳೆಯಲ್ಲಿ ಇಲ್ಲ. ಬೇರೆ ಯಾವುದೋ ದೇಶದ ಅಡುಗೆಮನೆಗೆ ಬರೆದ ಹಾಳೆ ಅದು, ನಮ್ಮ ಒಲೆಯ ಮುಂದೆ ಕೂತು ಬರೆದದ್ದಲ್ಲ.

ಆ ಮೂರರ ಬಗ್ಗೆ ನಾನು ಸ್ವಲ್ಪ ಕೋಪದಿಂದಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಮ್ಮ ಜನಕ್ಕೆ ಕಿಡ್ನಿಯಲ್ಲಿ ಕಲ್ಲು ಬೇರೆ, ಕಿಡ್ನಿ ಸೋಲುವುದು ಬೇರೆ ಎಂಬ ಭೇದವೇ ಇಲ್ಲ. ‘ಕಿಡ್ನಿ ತೊಂದರೆ’ ಅಂದರೆ ಸಾಕು, ಒಬ್ಬರು ಬಾಳೆದಿಂಡು ಹಿಂಡಿ ಕುಡಿಸು ಅನ್ನುತ್ತಾರೆ, ಇನ್ನೊಬ್ಬರು ಹುರುಳಿ ಬೇಯಿಸಿದ ನೀರು ಕೊಡು, ಕಲ್ಲು ಕರಗುತ್ತದೆ ಅನ್ನುತ್ತಾರೆ. ವಾಟ್ಸಾಪಿನಲ್ಲಿ ಕೊತ್ತಂಬರಿ ಸೊಪ್ಪು ಕುದಿಸಿ ಸೋಸಿ ಕುಡಿದರೆ ಕಿಡ್ನಿ ತೊಳೆದು ಹೋಗುತ್ತದೆ ಎಂಬ ಸಂದೇಶ ವರ್ಷ ವರ್ಷವೂ ಹೊಸದಾಗಿ ಬರುತ್ತದೆ. ನೋಡಲು ಬಂದ ನೆಂಟರ ಕೈಯಲ್ಲಿ ಎಳನೀರು. ಪೊಟ್ಯಾಸಿಯಂ ನೀರಿನಲ್ಲಿ ಕರಗುವ ವಸ್ತು. ಹುರುಳಿ ನೂರು ಗ್ರಾಂನಲ್ಲಿ ಸಾವಿರ ಮಿಲಿಗ್ರಾಂಗೂ ಮೇಲೆ ಪೊಟ್ಯಾಸಿಯಂ ಇರುವ ಕಾಳು. ಅದನ್ನು ಕುದಿಸಿ ಕಟ್ಟು ತೆಗೆದು ಕೊಡುವುದು ಅಂದರೆ ಕಾಳನ್ನು ಬಿಟ್ಟು ಪೊಟ್ಯಾಸಿಯಂ ಮಾತ್ರ ಬಸಿದು ಕೊಟ್ಟ ಹಾಗೆ. ಕೊತ್ತಂಬರಿ ಕಷಾಯದ್ದೂ ಅದೇ ಕತೆ. ಎಳನೀರು ಒಂದು ದೊಡ್ಡ ಲೋಟ ಕುಡಿದರೆ ಸುಮಾರು 600 ಮಿಲಿಗ್ರಾಂ, ಜಗಿಯುವ ಶ್ರಮವೂ ಇಲ್ಲದೆ ನೇರ ಒಳಗೆ. ಕಲ್ಲಿದ್ದು ಕಿಡ್ನಿ ಗಟ್ಟಿಯಿರುವವರು ಇವನ್ನೆಲ್ಲ ಕುಡಿದುಕೊಳ್ಳಲಿ, ನನ್ನ ತಕರಾರಿಲ್ಲ. ನಿಮ್ಮಪ್ಪನ ಮನೆಗೆ ಬೇಡ. ನೆಂಟರು ತಂದರೆ ನೀನು ಕುಡಿ, ಅವರ ಮುಂದೆಯೇ ಕುಡಿ, ಹೊಗಳಿ ಕಳಿಸು.

ಧಾರೆಹುಳಿ ಹಣ್ಣು, ಅದೇ ಐದು ಮೂಲೆಯ ನಕ್ಷತ್ರದ ಹಾಗಿನ ಕಮರಾಕ್ಷಿ, ಅದನ್ನಂತೂ ಹತ್ತಿರ ಸೇರಿಸಬೇಡ. ಅದರ ಕಾಟ ಪೊಟ್ಯಾಸಿಯಂ ಒಂದರದ್ದೇ ಅಲ್ಲ. ಅದರಲ್ಲಿರುವ ಒಂದು ವಿಷವನ್ನು ಒಳ್ಳೆಯ ಕಿಡ್ನಿ ಹೊರಹಾಕುತ್ತದೆ, ಸೋತ ಕಿಡ್ನಿ ಹಾಕಲಾರದು. ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗುತ್ತದೆ.

ಇನ್ನು ಉಪ್ಪು. ಬಿ.ಪಿ. ಇರುವವರಿಗೆ ಒಳ್ಳೆಯದೆಂದು ಅಂಗಡಿಯಲ್ಲಿ ‘ಲೋ ಸೋಡಿಯಂ’ ಪ್ಯಾಕೆಟ್ ಸಿಗುತ್ತದೆ. ಅದರಲ್ಲಿ ಸೋಡಿಯಂ ಕಡಿಮೆ ಮಾಡಿದ ಜಾಗಕ್ಕೆ ತುಂಬಿರುವುದು ಪೊಟ್ಯಾಸಿಯಂ ಕ್ಲೋರೈಡ್. ನಿಮ್ಮಪ್ಪ ಬಾಳೆಗೆ ಮೂಟೆಯಿಂದ ಹಾಕುವ ಕೆಂಪು ಪೊಟ್ಯಾಶ್ ಗೊಬ್ಬರವೂ ರಾಸಾಯನಿಕವಾಗಿ ಅದೇ ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನದು ಶುದ್ಧಿ ಮಾಡಿದ್ದು ಅಷ್ಟೇ. ಇದನ್ನು ಅವನಿಗೆ ಹೇಳು. ಬೇರೆ ಯಾವ ವಿವರಣೆಗೂ ಬಗ್ಗದವನು ಇದಕ್ಕೆ ಬಗ್ಗುತ್ತಾನೆ, ಯಾಕೆಂದರೆ ಬಾಳೆ ಎಷ್ಟು ಪೊಟ್ಯಾಶ್ ಎಳೆಯುತ್ತದೆ ಎಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ನೂರಕ್ಕೆ 30 ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪಿನ ಒಂದು ಚಮಚದಲ್ಲಿ, ಅಂದರೆ 5 ಗ್ರಾಂನಲ್ಲಿ, ಸುಮಾರು 780 ಮಿಲಿಗ್ರಾಂ ಪೊಟ್ಯಾಸಿಯಂ. ಹೆಚ್ಚುಕಡಿಮೆ ಎರಡು ಪಚ್ಚಬಾಳೆ ಹಣ್ಣಿನಷ್ಟು. ಹಣ್ಣು ತಿಂದರೆ ತಿಂದೆನೆಂದು ಗೊತ್ತಿರುತ್ತದೆ, ಉಪ್ಪು ಸಾರಿನೊಳಗೆ ಮಾಯವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪನ್ನು ಜನಸಾಮಾನ್ಯರಿಗೆ ಶಿಫಾರಸು ಮಾಡಿತು. ಆದರೆ ಕಿಡ್ನಿ ತೊಂದರೆ ಇರುವವರನ್ನು ಆ ಶಿಫಾರಸಿನಿಂದ ಹೊರಗಿಟ್ಟಿತು. ಪತ್ರಿಕೆಗಳಲ್ಲಿ ಮೊದಲ ಅರ್ಧ ದೊಡ್ಡ ಅಕ್ಷರದಲ್ಲಿ ಬಂತು, ಎರಡನೆಯ ಅರ್ಧ ಹುಡುಕಿದರೆ ಸಿಗುವಂತಿತ್ತು. ನೀವು ಮಾಮೂಲಿ ಉಪ್ಪನ್ನೇ ತನ್ನಿ, ಕಡಿಮೆ ಹಾಕಿ.

ನನಗೆ ಹೇಳಲೇಬೇಕಾದ ಮಾತು ಅಂದರೆ ಬಸ್ಸಾರಿನದು.

ನಿಮ್ಮವ್ವ ಸೊಪ್ಪು ಕಾಳು ಹಾಕಿ ಬೇಯಿಸಿ, ನೀರು ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿ ಸಾರು ಮಾಡುತ್ತಾಳೆ. ಬಸಿದು ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತಾಳೆ. ಚಾಮರಾಜನಗರದ ಸೀಮೆಯಲ್ಲಿ, ನಮ್ಮ ಬೆಟ್ಟದ ಮೇಲೆ, ಇದಿಲ್ಲದ ವಾರ ಇಲ್ಲ. ಉಪ್ಸಾರಿಗೂ ಇದೇ ಕ್ರಮ. ದೊಡ್ಡ ದೊಡ್ಡ ಆಸ್ಪತ್ರೆಗಳ ಆಹಾರ ತಜ್ಞರು ಕಿಡ್ನಿಯವರಿಗೆ ‘ತರಕಾರಿಯನ್ನು ಸಣ್ಣಗೆ ಹೆಚ್ಚಿ, ತುಂಬ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ’ ಎಂದು ಹೇಳಿಕೊಡುವ ಕೆಲಸವನ್ನು ನಮ್ಮ ಹೆಂಗಸರು ಹಿಂದಿನಿಂದಲೂ ಮಾಡುತ್ತಲೇ ಬಂದಿದ್ದಾರೆ. ಒಂದೇ ವ್ಯತ್ಯಾಸ, ನಾವು ನೀರು ಚೆಲ್ಲುವುದಿಲ್ಲ, ಕುಡಿಯುತ್ತೇವೆ. ಸೊಪ್ಪಿನ ಪೊಟ್ಯಾಸಿಯಂನಲ್ಲಿ ಒಳ್ಳೆಯ ಪಾಲು ಕಟ್ಟಿಗೆ ಇಳಿದಿರುತ್ತದೆ. ಆದ್ದರಿಂದ ಒಂದೇ ಪಾತ್ರೆಯ ಅಡುಗೆಯಲ್ಲಿ ಅಪ್ಪನಿಗೆ ಪಲ್ಯ, ನಿಮಗೆ ಸಾರು. ಅವನಿಗೆ ಬೇರೆ ಅಡುಗೆ ಬೇಡ, ಬೇರೆ ಒಲೆ ಬೇಡ, ‘ರೋಗಿಯ ಊಟ’ ಎಂಬ ಹೆಸರೂ ಬೇಡ. ನಿನಗೂ ಅವ್ವನಿಗೂ ಕಿಡ್ನಿ ಚೆನ್ನಾಗಿದೆಯಲ್ಲ, ಆ ಪೊಟ್ಯಾಸಿಯಂ ನಿಮ್ಮ ಬಿ.ಪಿ.ಗೆ ಒಳ್ಳೆಯದೇ. ಗಟ್ಟಿ ಕಿಡ್ನಿಯವರು ದಿನಕ್ಕೆ ಕಡಿಮೆಯೆಂದರೆ 3,510 ಮಿಲಿಗ್ರಾಂ ತಿನ್ನಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಪ್ಪನಿಗೆ ಹಿಟ್ಟು ನುಂಗಲು ಏನಾದರೂ ತೆಳುವಾಗಿ ಬೇಕಲ್ಲ ಅನ್ನುತ್ತೀಯ. ಸೀಮೆಬದನೆಯದೋ ಸೋರೆಕಾಯಿಯದೋ ಹುಳಿ ಮಾಡಿ. ಅವೂ ಬೇಯಿಸಿ ಬಸಿದವೇ ಇರಲಿ, ಬೇಳೆ ಒಂದು ಹಿಡಿ ಕಡಿಮೆಯಿರಲಿ.

ಕುಕ್ಕರ್ ಬಗ್ಗೆ ಒಂದು ಮಾತು. ಕುಕ್ಕರ್ ಬಂದ ಮೇಲೆ ಅನ್ನ ಬಸಿಯುವುದು ನಿಂತಿತು, ಸೊಪ್ಪು ಬೇಳೆ ಒಟ್ಟಿಗೆ ಕೂಗಿಸಿ ಮಸೆಯುವುದು ಬಂತು. ಕೂಗಿಸಿದ್ದರಲ್ಲಿ ಏನೂ ಹೊರಗೆ ಹೋಗುವುದಿಲ್ಲ. ಮಸ್ಸೊಪ್ಪು ರುಚಿ, ನನಗೂ ಇಷ್ಟ, ಆದರೆ ನಿಮ್ಮಪ್ಪನಿಗೆ ಬಾಯಿ ಅಗಲದ ಪಾತ್ರೆಯಲ್ಲಿ ಬೆಂದದ್ದೇ ಆಗಬೇಕು.

ಆಲೂಗಡ್ಡೆಯನ್ನು ಪೂರ್ತಿ ಬಿಡಿಸಬೇಡ. ಬೆಥ್ಕೆ ಮತ್ತು ಜಾನ್‌ಸ್ಕಿ ಎಂಬ ಇಬ್ಬರು ಅಮೆರಿಕದ ಸಂಶೋಧಕರು 2008ರಲ್ಲಿ ಇದನ್ನೇ ಅಳೆದು ನೋಡಿದರು. ಆಲೂಗಡ್ಡೆ ಹೆಚ್ಚಿ ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಹಾಕಿದರೆ ಹೇಳಿಕೊಳ್ಳುವಷ್ಟು ಪೊಟ್ಯಾಸಿಯಂ ಹೋಗಲಿಲ್ಲ. ಸಣ್ಣ ಹೋಳು ಮಾಡಿ ಕುದಿಸಿದಾಗ ಅರ್ಧದಷ್ಟು ಹೋಯಿತು, ತುರಿದು ಕುದಿಸಿದಾಗ ಮುಕ್ಕಾಲು ಪಾಲು. ನಮ್ಮಲ್ಲಿ ಇವತ್ತಿಗೂ ‘ರಾತ್ರಿ ನೆನೆಹಾಕಿ’ ಎಂದಷ್ಟೇ ಹೇಳುವವರಿದ್ದಾರೆ. ಕುದಿಯಬೇಕು, ನೀರು ಚೆಲ್ಲಬೇಕು. ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿದ್ದರಲ್ಲಿ ಮಾತ್ರ ಹೆಚ್ಚೇನೂ ಇಳಿಯುವುದಿಲ್ಲ. ಬೀಟ್‌ರೂಟೂ ಹಾಗೇ ಮಾಡು, ಕೆಂಪು ನೀರು ನೋಡಿ ಮರುಗಬೇಡ.

ರಾಗಿ? ಇದನ್ನು ನೀನು ಕೇಳಲಿಲ್ಲ, ಆದರೆ ಅಪ್ಪ ಒಳಗೊಳಗೇ ಕೇಳುತ್ತಿರುತ್ತಾನೆ. ರಾಗಿ ಹಿಟ್ಟು ನೂರು ಗ್ರಾಂಗೆ ನಾನೂರು ಚಿಲ್ಲರೆ ಮಿಲಿಗ್ರಾಂ, ಅಕ್ಕಿ ನೂರರ ಆಸುಪಾಸು. ರಾಗಿಯನ್ನು ಬಸಿಯಲು ಬರುವುದಿಲ್ಲ. ಅಂಕಿ 5.8 ಇರುವಾಗ ಎರಡು ಹೊತ್ತು ದೊಡ್ಡ ದೊಡ್ಡ ಉಂಡೆ ಬೇಡ. ಒಂದು ಹೊತ್ತು ಸಣ್ಣ ಉಂಡೆ, ಇನ್ನೊಂದು ಹೊತ್ತು ಬಸಿದ ಅನ್ನ. ಸಕ್ಕರೆ ಕಾಯಿಲೆಯೂ ಇರುವುದರಿಂದ ಅನ್ನದ ಅಳತೆಯನ್ನು ಡಾಕ್ಟರನ್ನೇ ಕೇಳಿ ಗೊತ್ತುಮಾಡಿಕೋ. ರಾಗಿ ಬಿಟ್ಟರೆ ಅವನು ಅರ್ಧ ಪ್ರಾಣ ಬಿಟ್ಟ ಹಾಗೆ. ಪೂರ್ತಿ ಬಿಡಿಸಿ ಎಂದು ಯಾರಾದರೂ ಹೇಳಿದರೆ, ಯಾವ ಅಂಕಿಗೆ ಇಳಿದ ಮೇಲೆ ಮತ್ತೆ ಕೊಡಬಹುದು ಎಂದು ತಿರುಗಿ ಕೇಳು. ಒಳ್ಳೆಯ ಡಾಕ್ಟರರು ಅದಕ್ಕೆ ಉತ್ತರ ಹೇಳುತ್ತಾರೆ.

ಹಣ್ಣಿನಲ್ಲಿ ಸೇಬು, ಪೇರು, ಅನಾನಸು, ಒಂದೆರಡು ಹೋಳು ಪಪಾಯ ನಡೆಯುತ್ತದೆ. ಸೀಬೆ, ಹಲಸು, ಬಾಳೆ ಸದ್ಯಕ್ಕೆ ಬೇಡ. ದೇವಸ್ಥಾನದ ರಸಾಯನ ಕೈಗೆ ಬಿದ್ದರೆ ಕಣ್ಣಿಗೊತ್ತಿಕೊಂಡು ಒಂದು ಚೂರು ಬಾಯಿಗೆ ಹಾಕಿಕೊಳ್ಳಲಿ. ಗುಮಟಾಪುರದ ಬೀರೇಶ್ವರ ಅಷ್ಟಕ್ಕೆಲ್ಲ ಮುನಿಯುವವನಲ್ಲ.

ಆದರೆ ಕೂಸೇ, ಹೆದರಿಕೆಯನ್ನೂ ಅಳತೆ ಮಾಡಿ ಇಟ್ಟುಕೊಳ್ಳಬೇಕು. ಹಿಂದೆ ಕಿಡ್ನಿ ಅಂದ ತಕ್ಷಣ ಎಲ್ಲರಿಗೂ ಹಣ್ಣು ತರಕಾರಿ ಬಿಡಿಸುತ್ತಿದ್ದರು. ಈಚೆಗೆ ಆ ತಿಳಿವಳಿಕೆ ಬದಲಾಗಿದೆ. ಕೆಡಿಗೋ ಎಂದು ಕರೆಯುವ ಅಂತಾರಾಷ್ಟ್ರೀಯ ಕಿಡ್ನಿ ತಜ್ಞರ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಒಬ್ಬೊಬ್ಬರಿಗೆ ಅವರವರ ರಕ್ತ ನೋಡಿ ಹೇಳಿ ಎನ್ನುತ್ತದೆ. ಅದು ಹೆಚ್ಚು ಬೊಟ್ಟು ಮಾಡುವುದು ಕಾರ್ಖಾನೆಯಲ್ಲಿ ತಯಾರಾದ ತಿಂಡಿಗಳ ಕಡೆಗೆ. ಗಿಡದಲ್ಲಿ ಬೆಳೆದದ್ದರ ಪೊಟ್ಯಾಸಿಯಂ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ, ನಾರಿನೊಂದಿಗೆ ಒಂದಿಷ್ಟು ಹೊರಟು ಹೋಗುತ್ತದೆ. ಸಂಸ್ಕರಿಸಿದ ತಿಂಡಿಗೆ ಬೆರೆಸಿದ ಪೊಟ್ಯಾಸಿಯಂ ಲವಣ ಹೆಚ್ಚುಕಡಿಮೆ ಪೂರ್ತಿ ಸೇರುತ್ತದೆ. ಅಪ್ಪ ಪ್ಯಾಕೆಟ್ ಚಿಪ್ಸ್ ತಿನ್ನುವುದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ನೀನು ಹಿಡಿ. ನನ್ನದು ಮೂರನೆಯ ಹಂತ, ಪೊಟ್ಯಾಸಿಯಂ 4.4. ನಾನು ಸೊಪ್ಪನ್ನೂ ತಿನ್ನುತ್ತೇನೆ, ಏಲಕ್ಕಿ ಬಾಳೆಯನ್ನೂ ತಿನ್ನುತ್ತೇನೆ, ನನ್ನ ಡಾಕ್ಟರು ಬೇಡ ಅಂದಿಲ್ಲ. ಅದನ್ನು ನೋಡಿ ನಿಮ್ಮಪ್ಪ ತಾನೂ ತಿನ್ನುವಂತಿಲ್ಲ, ಅವನನ್ನು ನೋಡಿ ನಾನು ಬಿಡಬೇಕಾಗಿಯೂ ಇಲ್ಲ. ನಿಮ್ಮ ಪಕ್ಕದ ಊರಿನವರಿಗೆ ಹೊಟ್ಟೆಗೆ ಚೀಲದ ನೀರು ಬಿಟ್ಟು ಮನೆಯಲ್ಲೇ ಡಯಾಲಿಸಿಸ್ ಮಾಡುತ್ತಿದ್ದಾರೆ ಅಂದೆಯಲ್ಲ, ಅಂಥವರಿಗೆ ಪೊಟ್ಯಾಸಿಯಂ ಕಡಿಮೆಯಾಗಿ ಬಾಳೆಹಣ್ಣು ತಿನ್ನಿ ಎಂದು ಹೇಳಬೇಕಾಗಿ ಬರುವುದೂ ಉಂಟು. ತಮಿಳುನಾಡು ಸರ್ಕಾರ 2021ರ ಆಗಸ್ಟಿನಲ್ಲಿ ಶುರುಮಾಡಿದ ‘ಮಕ್ಕಳೈ ತೇಡಿ ಮರುತ್ತುವಂ’ನಲ್ಲಿ ಬಿ.ಪಿ., ಸಕ್ಕರೆ ಮಾತ್ರೆಗಳ ಜೊತೆಗೆ ಆ ಚೀಲಗಳೂ ಮನೆಬಾಗಿಲಿಗೆ ಬರುತ್ತವೆ. ಮಾತ್ರೆ ಕೊಡಲು ಬರುವ ಹೆಣ್ಣುಮಗಳ ಹತ್ತಿರ ಅಪ್ಪನ ಹೆಸರು ಬರೆಸಿದ್ದೀಯಾ?

ಮಾತ್ರೆ ಅಂದೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್ ಗುಂಪಿನ ಬಿ.ಪಿ. ಮಾತ್ರೆಗಳು ಪೊಟ್ಯಾಸಿಯಂ ಏರಿಸುತ್ತವೆ. ಸ್ಪೈರೊನೊಲ್ಯಾಕ್ಟೋನ್ ಇನ್ನೂ ಹೆಚ್ಚು. ಇವೇ ಮಾತ್ರೆಗಳು ಕಿಡ್ನಿಯನ್ನೂ ಎದೆಯನ್ನೂ ಕಾಯುವವು ಕೂಡ. ಆದ್ದರಿಂದ ಈ ಕಾಗದ ಓದಿ ಮಾತ್ರೆ ನಿಲ್ಲಿಸಿದೆ ಎಂದು ಫೋನು ಮಾಡಬೇಡ. ಡಾಕ್ಟರಿಗೆ ಮಾತ್ರೆಯ ಅಟ್ಟೆಯನ್ನೇ ತೋರಿಸು, ಬೇಕಿದ್ದರೆ ಅವರು ಪ್ರಮಾಣ ಇಳಿಸುತ್ತಾರೆ ಅಥವಾ ಪೊಟ್ಯಾಸಿಯಂ ಹೀರುವ ಪುಡಿಯ ಪೊಟ್ಟಣ ಕೊಡುತ್ತಾರೆ. ನಿನ್ನ ಕೈಯಲ್ಲೇ ನಿಲ್ಲಿಸಬಹುದಾದದ್ದು ಮಂಡಿನೋವಿಗೆ ಅಂಗಡಿಯಿಂದ ತರುವ ಡೈಕ್ಲೊಫೆನಾಕ್. ಅದು ಕಿಡ್ನಿಯನ್ನೂ ಸುಡುತ್ತದೆ, ಪೊಟ್ಯಾಸಿಯಂ ಅನ್ನೂ ಏರಿಸುತ್ತದೆ. ಗದ್ದೆ ಕೆಲಸ ಮಾಡಿ ಬಂದ ಸಂಜೆ ‘ಒಂದು ಕೆಂಪು ಮಾತ್ರೆ ಕೊಡಪ್ಪಾ’ ಎಂದು ಕೇಳುವ ರೂಢಿ ನಮ್ಮ ಊರುಗಳಲ್ಲಿ ಎಷ್ಟು ಕಿಡ್ನಿ ತಿಂದಿದೆಯೋ. ಇನ್ಸುಲಿನ್ ಕೂಡ ತಪ್ಪಬಾರದು. ಇನ್ಸುಲಿನ್ ಇದ್ದರೆ ಪೊಟ್ಯಾಸಿಯಂ ಕೋಶದೊಳಗೆ ಹೋಗುತ್ತದೆ, ತಪ್ಪಿದರೆ ಹೊರಗೆ ಬರುತ್ತದೆ. ಉಪವಾಸ ಎಂದು ಚುಚ್ಚಿಕೊಳ್ಳದೆ ಕೂತರೆ ಏನೂ ತಿನ್ನದಿದ್ದರೂ ಅಂಕಿ ಏರಬಹುದು.

ಆ 5.8 ನಿಜವಾಗಿಯೂ 5.8 ಹೌದೋ ಅಲ್ಲವೋ ಎಂಬುದನ್ನೂ ನೋಡಬೇಕು. ತೋಳಿಗೆ ಪಟ್ಟಿ ಬಿಗಿದು, ಮುಷ್ಟಿ ಹಿಸುಕಿಸಿ, ಬಹಳ ಹೊತ್ತು ಎಳೆದು ತೆಗೆದ ರಕ್ತದಲ್ಲಿ, ಆಮೇಲೆ ಬಸ್ಸಿನಲ್ಲಿ ಕುಲುಕಾಡುತ್ತ ಪಟ್ಟಣದ ಲ್ಯಾಬಿಗೆ ಹೋದ ರಕ್ತದಲ್ಲಿ, ಕಣಗಳು ಒಡೆದು ಒಳಗಿನ ಪೊಟ್ಯಾಸಿಯಂ ಹೊರಗೆ ಬರುತ್ತದೆ. ಅಂಕಿ ಸುಳ್ಳೇ ಏರುತ್ತದೆ. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಹೋಗುವ ರಕ್ತದ ಬಾಟಲಿಯ ಪಾಡು ಊಹಿಸಿಕೋ. ಚೀಟಿಯಲ್ಲಿ ‘ಹೀಮೊಲೈಸ್ಡ್’ ಎಂದು ಬರೆದಿದೆಯೇ ನೋಡು. ಅನುಮಾನವಿದ್ದರೆ ಮತ್ತೆ ತೆಗೆಸು, ಲ್ಯಾಬಿರುವ ಕಡೆಗೇ ಅಪ್ಪನನ್ನು ಕರೆದುಕೊಂಡು ಹೋಗಿ ತೆಗೆಸು. ಸುಳ್ಳೇ ಇರಬಹುದು ಎಂದು ಸುಮ್ಮನೆ ಕೂರುವುದು ಮಾತ್ರ ಆಗದು. ಇ.ಸಿ.ಜಿ. ಒಂದನ್ನು ಅದೇ ದಿನ ಮಾಡಿಸಿದರೆ ಎದೆಗೆ ತಟ್ಟಿದೆಯೇ ಎಂಬುದಕ್ಕೆ ಸುಳಿವು ಸಿಗುತ್ತದೆ.

ನಮ್ಮ ಜಾಗದ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. 1956ರಲ್ಲಿ ರಾಜ್ಯಗಳ ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿನ ಕಡೆ ಹೋಯಿತು, ನಾವು ತಮಿಳುನಾಡಿನ ಕಡೆ ಉಳಿದೆವು. ಮಾತು ಕನ್ನಡ, ವಿಮೆಯ ಕಾರ್ಡು ತಮಿಳುನಾಡಿನದು, ಹತ್ತಿರದ ದೊಡ್ಡಾಸ್ಪತ್ರೆ ಇಪ್ಪತ್ತು ಚಿಲ್ಲರೆ ಕಿಲೋಮೀಟರಿನ ಚಾಮರಾಜನಗರದ್ದು, ಜಿಲ್ಲಾ ಕೇಂದ್ರ ಈರೋಡು ನೂರು ಕಿಲೋಮೀಟರಿಗೂ ಆಚೆ. ಒಂದು ಕಡೆ ಹಾಳೆ ತಮಿಳಿನಲ್ಲಿ ಕೊಡುತ್ತಾರೆ, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ. ಯಾವ ಆಸ್ಪತ್ರೆಯಲ್ಲಿ ಯಾವ ಕಾರ್ಡು ನಡೆಯುತ್ತದೆ ಎಂದು ಈಗಲೇ, ಅಪ್ಪ ಓಡಾಡುತ್ತಿರುವಾಗಲೇ, ವಿಚಾರಿಸಿ ಇಟ್ಟುಕೋ. ಹಗಲು ವಿಚಾರಿಸದ್ದನ್ನು ರಾತ್ರಿ ಎರಡು ಗಂಟೆಗೆ ವಿಚಾರಿಸಲು ಆಗುವುದಿಲ್ಲ. ಅಪ್ಪನಿಗೆ ಇದ್ದಕ್ಕಿದ್ದಂತೆ ಕಾಲು ಎತ್ತಲಾಗದೆ ಹೋದರೆ, ತಲೆ ಸುತ್ತಿ ಬಿದ್ದರೆ, ನಾಡಿ ನಿಧಾನವಾದರೆ 108ಕ್ಕೆ ಫೋನು ಮಾಡು. ಘಾಟಿ ಇಳಿಯುವ ಯೋಚನೆ ಮಾಡಬೇಡ, ಆನೆ ದಾರಿ, ರಾತ್ರಿ ಗೇಟು ಬೇರೆ ಹಾಕಿರುತ್ತಾರೆ. ಆಂಬುಲೆನ್ಸಿಗೆ ಗೇಟಿನ ತಡೆ ಇಲ್ಲವಾದರೂ ಹೊತ್ತು ಹೋಗುತ್ತದೆ. ಚಾಮರಾಜನಗರದ ಕಡೆ ನಡಿ. ಹೋದ ತಕ್ಷಣ ‘ಕಿಡ್ನಿ ಪೇಷಂಟು, ಪೊಟ್ಯಾಸಿಯಂ ಜಾಸ್ತಿಯಿತ್ತು’ ಎಂದು ಮೊದಲ ವಾಕ್ಯದಲ್ಲೇ ಹೇಳು. ಎದೆ ಕಾಯಲು ಕ್ಯಾಲ್ಸಿಯಂ ಇಂಜೆಕ್ಷನ್, ಪೊಟ್ಯಾಸಿಯಂ ಅನ್ನು ಕೋಶದೊಳಗೆ ತಳ್ಳಲು ಗ್ಲೂಕೋಸಿನ ಜೊತೆ ಇನ್ಸುಲಿನ್, ಇವು ದೊಡ್ಡ ಯಂತ್ರ ಬೇಡದ ಚಿಕಿತ್ಸೆಗಳು. ಹೊರಹಾಕುವ ಡಯಾಲಿಸಿಸ್ ಆಮೇಲೆ.

ಡಯಾಲಿಸಿಸ್ ಎಂಬ ಹೆಸರು ಕೇಳಿದರೆ ಅಪ್ಪ ಮುಖ ತಿರುಗಿಸುತ್ತಾನೆ ಎಂದು ಬರೆದಿದ್ದೀಯ. ಒತ್ತಾಯ ಬೇಡ, ಆ ದಿನ ಬಂದಾಗ ನೋಡೋಣ. 2016ರಿಂದ ಕೇಂದ್ರದ ಡಯಾಲಿಸಿಸ್ ಯೋಜನೆಯಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತವಾಗಿ ಆಗುತ್ತಿದೆ. ಆ ದಿನ ಬಂದರೂ ಪೊಟ್ಯಾಸಿಯಂ ಲೆಕ್ಕ ಮುಗಿಯುವುದಿಲ್ಲ ಅನ್ನುವುದು ನಿನ್ನ ತಲೆಯಲ್ಲಿರಲಿ. ಅಮೆರಿಕದಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ವಾರದ ಎರಡು ದಿನದ ಉದ್ದನೆಯ ಬಿಡುವಿನ ಮರುದಿನವೇ ಹೆಚ್ಚು ಸಾವುಗಳಾಗುತ್ತವೆ ಎಂದು ಕಂಡುಬಂತು. ನಮ್ಮವರು ವಾರಕ್ಕೆ ಎರಡು ಸಲ ಹೋಗುವವರೇ ಹೆಚ್ಚು, ಬಿಡುವು ಇನ್ನೂ ಉದ್ದ. ಡಯಾಲಿಸಿಸ್ ಆದ ದಿನ ‘ಇವತ್ತು ತೊಳೆದಾಯ್ತಲ್ಲ’ ಎಂದು ಎಳನೀರು ಕುಡಿದುಬಿಡುವವರನ್ನು ನಾನು ಚಾಮರಾಜನಗರದ ಬಸ್ಸಿನಲ್ಲಿ ಕಂಡಿದ್ದೇನೆ. ಬೈಯಲು ಬಾಯಿ ಬರುವುದಿಲ್ಲ, ಅವರ ನಾಲಿಗೆ ಎಷ್ಟು ಒಣಗಿರುತ್ತದೋ.

ನಿಮ್ಮವ್ವನಿಗೆ ಇದನ್ನೆಲ್ಲ ಓದಿ ಹೇಳುವಾಗ ‘ನೀನು ಮಾಡುತ್ತಿದ್ದ ಬಸ್ಸಾರೇ ಸರಿ’ ಎಂಬಲ್ಲಿಂದ ಶುರುಮಾಡು. ‘ನೀನು ತಪ್ಪು ಅಡುಗೆ ಮಾಡುತ್ತಿದ್ದೆ’ ಎಂದು ಶುರುಮಾಡಿದೆಯೋ, ಅವಳು ಸೌಟು ನಿನ್ನ ಕೈಗೆ ಕೊಟ್ಟು ಜಗಲಿಗೆ ಹೋಗಿ ಕೂರುತ್ತಾಳೆ. ನನ್ನ ತಂಗಿಯಲ್ಲವೇ, ನನಗೆ ಗೊತ್ತು. ಅಡುಗೆಮನೆಯ ಗೋಡೆಗೆ ನೀನೇ ಒಂದು ಪಟ್ಟಿ ಬರೆದು ಅಂಟಿಸು, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ನಿಮ್ಮ ಮನೆಯಲ್ಲಿ ನಿಜವಾಗಿ ಬೇಯುವ ಪದಾರ್ಥಗಳದ್ದು ಮಾತ್ರ. ಕೆಳಗೆ ತಾರೀಖು, ಅದರ ಎದುರು ಪೊಟ್ಯಾಸಿಯಂ ಅಂಕಿ. ಅಂಕಿ ಇಳಿದಾಗ ಪಟ್ಟಿಗೆ ಒಂದೊಂದೇ ಪದಾರ್ಥ ವಾಪಸು ಸೇರಿಸುವ ಅಧಿಕಾರ ಅಪ್ಪನದ್ದೇ ಇರಲಿ, ಡಾಕ್ಟರು ಹೂಂ ಅಂದ ಮೇಲೆ.

ಮುಂದಿನ ವಾರ ರಕ್ತ ತೆಗೆಸಿದಾಗ ಬೈಕಾರ್ಬನೇಟ್ ಕೂಡ ನೋಡಿ ಎಂದು ಕೇಳು. ರಕ್ತದಲ್ಲಿ ಆಮ್ಲ ಹೆಚ್ಚಿದರೂ ಪೊಟ್ಯಾಸಿಯಂ ಏರುವುದುಂಟು, ಅದಕ್ಕೆ ಸೋಡಾ ಮಾತ್ರೆ ಇದೆ. ಚೀಟಿ ಕೈಗೆ ಬಂದ ಕೂಡಲೇ ಫೋಟೋ ಕಳಿಸು, ಈ ಸಲ ಗೀಟು ಎರಡು ಸಾಲಿಗೂ ಇರಲಿ. ಅಪ್ಪ ಯಾವ ಯಾವ ಮಾತ್ರೆ ನುಂಗುತ್ತಾನೆ ಎಂಬ ಪಟ್ಟಿಯನ್ನೂ ಅದರ ಜೊತೆ ಬರೆದು ಕಳಿಸು. ಡಬ್ಬಿಯೊಳಗೆ ಬಚ್ಚಿಟ್ಟಿರುವ ನೋವಿನ ಮಾತ್ರೆಯನ್ನೂ ಸೇರಿಸಿ.

ನಿನ್ನ,
ದೊಡ್ಡಮ್ಮ